ಅರ್ಧ ಏಳು

ಡೆರ್ವ್ಲಾಗೆ ಬೆವರು ಬರುತ್ತಿರಲಿಲ್ಲ.

ಚಿಕ್ಕಂದಿನಿಂದಲೂ ಹಾಗೆ. ಅವಳ ಊರು ಡ್ರಾಹೆಡಾದ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಉಳಿದ ಹುಡುಗಿಯರು ಹತ್ತು ನಿಮಿಷ ಹಗ್ಗ ಹಾರಿದರೆ ನೆಲ ಒರೆಸಬೇಕಾಗುತ್ತಿತ್ತು. ಇವಳು ಅರ್ಧ ಗಂಟೆ ಹಾರಿದರೂ ಮೂಗಿನ ಕೆಳಗೆ ನಾಲ್ಕು ಹನಿ, ಅಷ್ಟೇ. ಕೋಳಿಮಾಂಸ ಕಟ್ಟುವ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುವವಳಿಗೆ ಅದರಿಂದ ತೊಂದರೆ ಇರಲಿಲ್ಲ. ಪಂದ್ಯಕ್ಕೆ ಮುಂಚೆ ಬೆವರು ಹರಿಸಿ ಐವತ್ತನಾಲ್ಕು ಕಿಲೋ ಒಳಗೆ ಇಳಿಯಬೇಕಾದ ಬಾಕ್ಸರಿಗೆ ಮಾತ್ರ ಅದು ಒಂದು ಕೈ ಇಲ್ಲದ ಹಾಗೆ.

ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಹನ್ನೊಂದೂವರೆಗೆ ಚೀಲ ಬೆಲ್ಟಿನ ಮೇಲೆ ಬಂತು. ಅವಳ ತರಬೇತುದಾರ ಮ್ಯಾಲಕಿ ಅದನ್ನು ಎಳೆದು ಕೆಳಗಿಳಿಸಿ, ಜಿಪ್ ಬಿಚ್ಚಿ, ಬಟ್ಟೆಗಳ ನಡುವಿನಿಂದ ಮನೆಯ ತೂಕದ ಯಂತ್ರವನ್ನು ತೆಗೆದು ನೆಲದ ಮೇಲಿಟ್ಟ.

"ಹತ್ತು ಇದರ ಮೇಲೆ."

"ಇಲ್ಲೇನಾ? ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಪಾದ್ರಿಯನ್ನ ಕರೆಸಿ ಆಶೀರ್ವಾದ ಮಾಡಿಸ್ಲಾ? ಹತ್ತೇ."

ಬೂಟು, ಜಾಕೆಟ್ ಕಳಚಿ ಹತ್ತಿದಳು. ಐವತ್ತನಾಲ್ಕು ಕಿಲೋ ಒಂಬೈನೂರು ಗ್ರಾಂ. ಮ್ಯಾಲಕಿ ಮೀಸೆ ಕಚ್ಚಿದ.

ತೂಕ ನೋಡುವುದು ಮಾರನೆಯ ಬೆಳಿಗ್ಗೆ ಏಳಕ್ಕೆ, ರೀಗಾದಲ್ಲಿ. ಅಲ್ಲಿ ನಡೆಯುವ ಪಂದ್ಯಗಳನ್ನು ನೋಡಿ ಬಾಕ್ಸಿಂಗ್ ಸಂಘದವರು ದೇಶದ ತಂಡಕ್ಕೆ ಅವಳ ತೂಕದಲ್ಲಿ ಒಬ್ಬಳನ್ನು ಆರಿಸುತ್ತಾರೆ. ಹೋದ ವರ್ಷ ಬೆಲ್‌ಫಾಸ್ಟ್‌ನಲ್ಲಿ ನೂರು ಗ್ರಾಂ ಹೆಚ್ಚಾಗಿ ಡೆರ್ವ್ಲಾ ರಿಂಗ್ ಹತ್ತದೆ ವಾಪಸಾಗಿದ್ದಳು. ಇನ್ನೊಮ್ಮೆ ಹಾಗಾದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇವೆ ಎಂದು ಸಂಘ ಕಾಗದ ಬರೆದಿತ್ತು. ಬದಲಿ ಆಟಗಾರ್ತಿ ಗ್ರಾನ್ಯಾ ಆಗಲೇ ರೀಗಾದಲ್ಲಿ ಕೂತಿದ್ದಳು. ಡೆರ್ವ್ಲಾಗೆ ಇಪ್ಪತ್ತೇಳು, ಗ್ರಾನ್ಯಾಗೆ ಹತ್ತೊಂಬತ್ತು.

ರೀಗಾದ ವಿಮಾನ ರಾತ್ರಿ ಒಂಬತ್ತು ಹತ್ತಕ್ಕೆ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆದದ್ದರಿಂದ ಚೀಲ ತಾನಾಗಿ ಮುಂದಕ್ಕೆ ಹೋಗುವಂತಿರಲಿಲ್ಲ. ಇಲ್ಲಿ ಇಳಿಸಿಕೊಂಡು, ಸಂಜೆ ಮತ್ತೆ ಕೊಡಬೇಕು. ಎಂಟು ಇಪ್ಪತ್ತರ ನಂತರ ತೆಗೆದುಕೊಳ್ಳುವುದಿಲ್ಲ.

"ಒಂಬತ್ತು ಗಂಟೆ ಹೊತ್ತಿದೆ," ಎಂದ ಮ್ಯಾಲಕಿ. "ಬಂದರಿನ ಹತ್ತಿರ ಸೌನಾ ಇದೆ. ಬೇಯಿಸಿಬಿಡ್ತೀನಿ ನಿನ್ನ. ಗಡಿಯಾರ ಒಂದು ಗಂಟೆ ಮುಂದಿಡು ಮೊದಲು. ನಾನು ವಿಮಾನದಲ್ಲೇ ಇಟ್ಟೆ. ಪರದೇಶದಲ್ಲಿ ಒಂದು ಗಂಟೆ ತಪ್ಪಿದ್ರೆ ಮುಗೀತು."

"ಫೋನು ತಾನೇ ಬದಲಾಯಿಸ್ಕೊಳ್ಳುತ್ತೆ, ಮುದುಕಾ."

"ಫೋನು ಬಾಕ್ಸಿಂಗ್ ಆಡಿದೆಯಾ?"

ನಿಲ್ದಾಣದ ಲಾಕರುಗಳೆಲ್ಲ ಭರ್ತಿಯಾಗಿದ್ದವು. ಚೀಲ ಹೊತ್ತು ಮೆಟ್ರೋ ಹತ್ತಿದರು. ಮ್ಯಾಲಕಿಗೆ ಮೂವತ್ತು ವರ್ಷ ಬಸ್ ಓಡಿಸಿ ಎಡ ಮಂಡಿ ಹೋಗಿತ್ತು. ಆದರೂ ಚೀಲವನ್ನು ಅವಳ ಕೈಗೆ ಕೊಡಲಿಲ್ಲ. ಬೆವರು ಬರಬೇಕಾದದ್ದು ಅವಳಿಗೆ, ಬಂದದ್ದು ಅವನಿಗೆ.

ಕಾಲುವೆಯ ಪಕ್ಕದ ಬೀದಿಯಲ್ಲಿ ಒಂದು ಸೈಕಲ್ ಅಂಗಡಿಯ ಗಾಜಿನ ಮೇಲೆ ಸೂಟ್‌ಕೇಸಿನ ಚಿತ್ರ ಅಂಟಿಸಿತ್ತು, ದುಡ್ಡು ಕೊಟ್ಟರೆ ಚೀಲ ಇಟ್ಟುಕೊಳ್ಳುತ್ತಾರೆ. ಅಂಗಡಿಯವನು ಪ್ರೆಬೆನ್, ಐವತ್ತು ದಾಟಿದ, ಗ್ರೀಸ್ ಮೆತ್ತಿದ ಉದ್ದ ಬೆರಳುಗಳ ಮನುಷ್ಯ. ಸೌನಾಗೆ ಬೇಕಾದ ಬಟ್ಟೆಗಳನ್ನು ಮ್ಯಾಲಕಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡ ಮೇಲೆ, ಅವನು ದೊಡ್ಡ ಚೀಲಕ್ಕೆ ಸೈಕಲ್ ರಿಪೇರಿಯ ಚೀಟಿಯನ್ನೇ ಕಟ್ಟಿದ. ಬಾಗಿಲ ಮೇಲೆ ಮುಚ್ಚುವ ಹೊತ್ತು 17.30 ಎಂದು ಬರೆದಿತ್ತು. ಅದನ್ನು ನೋಡಿ ಮ್ಯಾಲಕಿ ತಕರಾರು ತೆಗೆದ.

"ನಮಗೆ ಅಷ್ಟು ಬೇಗ ಆಗಲ್ಲ. ಇವಳು ಕಲ್ಲು. ಕರಗೋಕೆ ಹೊತ್ತು ಬೇಕು."

ಪ್ರೆಬೆನ್ ಅವಳನ್ನು ಒಮ್ಮೆ, ತೂಕದ ಯಂತ್ರವನ್ನು ಒಮ್ಮೆ ನೋಡಿದ. "ಸರಿ, ನಿಮಗೋಸ್ಕರ ಅರ್ಧ ಏಳರ ತನಕ ಇರ್ತೀನಿ. ಆಮೇಲೆ ನಂಗೆ ಹಾಡೋಕೆ ಹೋಗ್ಬೇಕು."

"ಅರ್ಧ ಏಳು. ದೊಡ್ಡ ಉಪಕಾರ ಆಯ್ತು."

"ಫೋನ್ ನಂಬರ್ ಕೊಟ್ಟಿರಿ, ಹೆಚ್ಚುಕಮ್ಮಿ ಆದ್ರೆ..."

"ಏನೂ ಹೆಚ್ಚುಕಮ್ಮಿ ಆಗಲ್ಲ. ಹೇಳಿದ ಹೊತ್ತಿಗೆ ಬರೋನು ನಾನು. ಮೂವತ್ತು ವರ್ಷ ಬಸ್ಸು ಓಡಿಸಿದೀನಿ."

ಹೊರಗೆ ಬಂದು ಬೆರಳು ಮಡಿಸಿದ. ಏಳೂವರೆಗೆ ಚೀಲ, ಎಂಟಕ್ಕೆ ನಿಲ್ದಾಣ, ಎಂಟು ಇಪ್ಪತ್ತರೊಳಗೆ ಚೀಲ ಒಳಗೆ. ಡ್ರಾಹೆಡಾದಲ್ಲಿ ಏಳೂವರೆಗೆ ಎಲ್ಲರೂ ಅರ್ಧ ಏಳು ಎಂದೇ ಹೇಳುವುದು. ಡೆರ್ವ್ಲಾ ಕೂಡ ಹಾಗೆಯೇ ಕೇಳಿಸಿಕೊಂಡಳು.

"ಪುಸ್ತಕ?" ಎಂದು ಕೇಳಿದಳು.

"ಅದರ ಜಾಗದಲ್ಲಿದೆ."

ವೈದ್ಯರ ಮುದ್ರೆ ಬಿದ್ದ ಪುಸ್ತಕ ಅದು. ಅದಿಲ್ಲದೆ ತೂಕದ ಮೇಜಿನ ಹತ್ತಿರವೂ ಬಿಡುವುದಿಲ್ಲ. ಅದು ಯಾವಾಗಲೂ ಅವಳ ರಿಂಗ್ ಬೂಟಿನ ಎಡಗಾಲಿನೊಳಗೆ ಇರುತ್ತಿತ್ತು. ಬಲಗಾಲಿನೊಳಗೆ ಮುಖಕ್ಕೆ ಬಳಿಯುವ ವ್ಯಾಸಲೀನ್ ಡಬ್ಬಿ. ಮ್ಯಾಲಕಿಯ ಶಾಸ್ತ್ರ ಇದು. ಮೊದಲ ಸಲ ಹೀಗಿಟ್ಟುಕೊಂಡು ಹೋದಾಗ ಅವಳು ಗೆದ್ದಿದ್ದಳು. ಅಂದಿನಿಂದ ಬೂಟುಗಳಲ್ಲಿ ಬೇರೆ ಏನನ್ನೂ ಇಡುವಂತಿರಲಿಲ್ಲ, ಅವೆರಡನ್ನು ಬೇರೆಲ್ಲೂ ಇಡುವಂತಿರಲಿಲ್ಲ.

ಸೌನಾ ಎಂದರೆ ನೀರಿನ ಮೇಲೆ ಕಟ್ಟಿದ, ಬೆವರಿಳಿಸುವಷ್ಟು ಕಾಯಿಸಿದ ಮರದ ಕೋಣೆ. ಮ್ಯಾಲಕಿ ಬಾಗಿಲು ತೆರೆದು, ಅಷ್ಟೇ ವೇಗವಾಗಿ ಮುಚ್ಚಿದ.

"ಯೇಸುವೇ. ಒಳಗೆ ಗಂಡಸು ಹೆಂಗಸು ಎಲ್ಲ ಹುಟ್ಟಿದ ಹಾಗೇ ಕೂತಿದಾರೆ."

"ಕಣ್ಮುಚ್ಕೊಂಡು ಬಾ."

"ನಾನು ಹೊರಗೇ ಇರ್ತೀನಿ ಕಣೇ. ತೂಕ ನೋಡೋಕೆ ನೀನೇ ಬಾ."

ಅವಳು ಪ್ಲಾಸ್ಟಿಕ್ ಅಂಗಿ, ಪ್ಲಾಸ್ಟಿಕ್ ಪ್ಯಾಂಟು, ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡು ಆ ಬೆತ್ತಲೆಯವರ ನಡುವೆ ಕೂತಳು. ಹದಿನೈದು ನಿಮಿಷ ಒಳಗೆ, ಐದು ನಿಮಿಷ ಹೊರಗೆ ಕಟ್ಟೆಯ ಮೇಲೆ ಕುಣಿತ. ಮತ್ತೆ ಒಳಗೆ. ಹಿಂದಿನ ಸಂಜೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಮೂರು ಗಂಟೆಗೆ ಐವತ್ತನಾಲ್ಕು ಕಿಲೋ ಎಂಟುನೂರು. ನಾಲ್ಕೂವರೆಗೆ ಆರುನೂರು. ಮೈ ಸುಡುತ್ತಿತ್ತು, ಚರ್ಮ ಮಾತ್ರ ಒಣ ಹಲಗೆ. ನಾಲಿಗೆ ಅಂಗುಳಿಗೆ ಅಂಟಿತ್ತು.

ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ತನ್ನ ನೀರಿನ ಬಾಟಲಿ ಚಾಚಿದಳು. "ಕುಡಿ ಮಗಳೇ. ಸಾಯ್ತೀಯ."

ಡೆರ್ವ್ಲಾ ತಲೆಯಾಡಿಸಿದಳು.

"ಮದುವೆ ಗೌನು ಮೈಗೆ ಆಗ್ತಿಲ್ವಾ?"

"ಹೊಡೆದಾಟ ಇದೆ. ಹಂಗೇರಿಯವಳೊಬ್ಬಳ ಜೊತೆ."

"ಅಯ್ಯೋ. ಅವಳೇನು ಮಾಡಿದ್ಲು ನಿಂಗೆ?"

ಡೆರ್ವ್ಲಾಗೆ ನಗು ಬಂತು. ತುಟಿ ಒಡೆದು ರಕ್ತದ ರುಚಿ ಹತ್ತಿತು. ಬಹುಶಃ ಆ ನಗುವಿನಿಂದಲೇ ಇರಬೇಕು, ಕುತ್ತಿಗೆಯ ಹಿಂದೆ ಮೊದಲ ಬಾರಿ ಬೆವರಿನ ಗೆರೆ ಇಳಿಯಿತು. ಅವಳು ಉಸಿರು ಬಿಗಿಹಿಡಿದು ಕೂತಳು, ಅಲುಗಿದರೆ ಎಲ್ಲಿ ನಿಂತುಬಿಡುತ್ತದೋ ಎಂದು.

ಆರು ಹತ್ತಕ್ಕೆ ಹೊರಗೆ ಬಂದು ಒರೆಸಿಕೊಂಡು ಹತ್ತಿದಾಗ ಐವತ್ತನಾಲ್ಕು ಮುನ್ನೂರು.

"ಸಾಕು," ಎಂದ ಮ್ಯಾಲಕಿ. ಅವಳ ಕಣ್ಣು ಒಳಕ್ಕೆ ಹೋದದ್ದು ಅವನಿಗೆ ಕಂಡಿತ್ತು. "ಮುನ್ನೂರು ತಾನೇ? ನಿದ್ದೆಯಲ್ಲಿ ಹೋಗುತ್ತೆ. ನಡಿ, ಚೀಲ ತಗೊಂಡು ನಿಧಾನಕ್ಕೆ ಹೋಗೋಣ."

"ಬೆಲ್‌ಫಾಸ್ಟ್‌ನಲ್ಲೂ ಇದೇ ಹೇಳ್ದೆ. ನಿದ್ದೆಯಲ್ಲಿ ಹೋಗುತ್ತೆ ಅಂತ. ನಂಗೆ ನಿದ್ದೇನೇ ಬರ್ಲಿಲ್ಲ."

"ಡೆರ್ವ್ಲಾ..."

"ಈಗ ತಾನೇ ಬೆವರು ಶುರುವಾಗಿದೆ. ಅರ್ಧ ಏಳಕ್ಕೆ ಇನ್ನೂ ಒಂದು ಗಂಟೆ ಮೇಲಿದೆ. ಇಲ್ಲಿಂದ ಕಾಲು ಗಂಟೆ ದಾರಿ. ಸೊನ್ನೆ ಮಾಡ್ಕೊಂಡೇ ಬರೋದು ನಾನು."

ಅವನು ಗಡಿಯಾರ ನೋಡಿ ಕೈ ಬೀಸಿದ. ಅವಳು ಒಳಗೆ ಹೋದಳು. ಮುದುಕಿ ಎದ್ದು ಟವೆಲ್ ಸುತ್ತಿಕೊಳ್ಳುತ್ತಿದ್ದಳು.

"ಹೊರಟ್ರಾ?"

"ಅರ್ಧ ಏಳಕ್ಕೆ ಊಟ. ಮನೆ ಇಲ್ಲೇ, ಹತ್ತು ನಿಮಿಷ. ತಡ ಆದ್ರೆ ನಮ್ಮ ಯಜಮಾನ್ರು ಆಲೂಗೆಡ್ಡೆ ಎಲ್ಲಾ ಒಬ್ರೇ ತಿಂದುಬಿಡ್ತಾರೆ." ಬಾಗಿಲಲ್ಲಿ ನಿಂತು ಮುಷ್ಟಿ ಎತ್ತಿ ತೋರಿಸಿದಳು. "ಹೊಡಿ ಅವಳಿಗೆ."

ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಮೊದಲೇ ಹೊರಡುತ್ತಾಳಲ್ಲ ಎಂದು ಡೆರ್ವ್ಲಾಗೆ ಅನ್ನಿಸಿತು. ವಯಸ್ಸಾದವರ ಕಾಲು, ಇರಲಿ ಎಂದುಕೊಂಡು ಟೋಪಿ ಕೆಳಗೆಳೆದು ಕಣ್ಣು ಮುಚ್ಚಿದಳು.

ಏಳು ಗಂಟೆಗೆ ಯಂತ್ರದ ಮುಳ್ಳು ಐವತ್ತನಾಲ್ಕರ ಮೇಲೆ ನೆಟ್ಟಗೆ ನಿಂತಿತು. ಮ್ಯಾಲಕಿ ಮೊಣಕಾಲೂರಿ, ಕನ್ನಡಕ ಹಾಕಿ ತೆಗೆದು ಮತ್ತೆ ಹಾಕಿ ನೋಡಿದ. ಆಮೇಲೆ ಅವಳ ಬೋಳು ಪಾದವನ್ನು ಅಂಗೈಯಿಂದ ತಟ್ಟಿದ. ಅವನು ಹೊಗಳುವುದು ಅಷ್ಟೇ.

ಮೇ ತಿಂಗಳ ಬಿಸಿಲು ಇನ್ನೂ ಕಾಲುವೆಯ ಮೇಲೆ ಇತ್ತು. ಏಳು ಹದಿನೈದಕ್ಕೆ ಅಂಗಡಿ ಮುಟ್ಟಿದರು. ಕಬ್ಬಿಣದ ಬಾಗಿಲು ಎಳೆದಿತ್ತು. ಅದರ ಸರಳುಗಳ ನಡುವೆ, ಗಾಜಿನ ಒಳಗೆ, ಮುರಿದ ಚಕ್ರಗಳ ಪಕ್ಕ ಅವರ ಕೆಂಪು ಚೀಲ ಕಾಣುತ್ತಿತ್ತು.

ಮ್ಯಾಲಕಿ ಬಾಗಿಲು ಬಡಿದ. ಮತ್ತೆ ಬಡಿದ. ಪಕ್ಕದ ಹೂವಿನಂಗಡಿಯ ಬೊಡಿಲ್ ಎಂಬಾಕೆ ಕುಂಡಗಳನ್ನು ಒಳಗೆ ಒಯ್ಯುತ್ತಿದ್ದವಳು ತಲೆ ಎತ್ತಿದಳು.

"ಪ್ರೆಬೆನ್ ಹೋದ. ಪಾಪ, ನಿಮಗಾಗಿ ಕಾದ, ಕಾದ. ಬೈಕೊಂಡೇ ಹೋದ."

"ಎಲ್ಲಿ ಕಾದ? ಅರ್ಧ ಏಳರ ತನಕ ಇರ್ತೀನಿ ಅಂದಿದ್ದ!"

"ಹೌದು, ಅರ್ಧ ಏಳರ ತನಕ ಇದ್ದ. ಅದರ ಮೇಲೂ ಇಪ್ಪತ್ತು ನಿಮಿಷ ಇದ್ದ."

"ಅರ್ಧ ಏಳು ಇನ್ನೂ ಆಗೇ ಇಲ್ವಲ್ಲಮ್ಮ!"

"ಈಗ ಏಳೂ ಕಾಲು, ಸ್ವಾಮಿ."

"ಅದನ್ನೇ ನಾನೂ ಹೇಳ್ತಿರೋದು!"

ಇಬ್ಬರೂ ಒಬ್ಬರನ್ನೊಬ್ಬರು ಹುಚ್ಚರನ್ನು ನೋಡುವ ಹಾಗೆ ನೋಡಿದರು. ಡೆರ್ವ್ಲಾಗೆ ಟವೆಲ್ ಸುತ್ತಿಕೊಂಡ ಮುದುಕಿ ನೆನಪಾದಳು. ಹತ್ತು ನಿಮಿಷದ ದಾರಿ, ಆರು ಹದಿನೈದಕ್ಕೆ ಹೊರಟಿದ್ದಳು.

"ಆರೂವರೆ," ಎಂದಳು. "ಮ್ಯಾಲಕಿ, ಇವರು ಆರೂವರೆಗೆ ಅರ್ಧ ಏಳು ಅಂತಾರೆ. ಏಳನೇ ಗಂಟೆ ಅರ್ಧ ಆಯ್ತು ಅಂತ."

ಮ್ಯಾಲಕಿ ತೂಕದ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿದ, ಬಾಗಿಲಿಗೆ ಅಪ್ಪಳಿಸಲು. ಅವಳು ಅವನ ಮಣಿಕಟ್ಟು ಹಿಡಿದಳು.

"ಕಬ್ಬಿಣ ಅದು. ಕೆಳಗಿಡು."

ಬೊಡಿಲ್ ಪ್ರೆಬೆನ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಅವನ ಹೆಂಡತಿಗೆ ಮಾಡಿದಳು. ಹಾಡುವಾಗ ಎಲ್ಲರ ಫೋನನ್ನೂ ಬಾಗಿಲಲ್ಲಿ ಒಂದು ಬುಟ್ಟಿಗೆ ಹಾಕಿಸಿಕೊಳ್ಳುತ್ತಾರಂತೆ. ಬೇರೆ ಬೀಗದ ಕೈ ಇಲ್ಲವಂತೆ. ಏಳೂವರೆ ದಾಟಿತು. ಬೊಡಿಲ್ ಹೂ ಕಟ್ಟುವ ಕಾಗದದ ಮೇಲೆ ಅವನು ಹಾಡುವ ಜಾಗಕ್ಕೆ ದಾರಿ ಬರೆದುಕೊಟ್ಟಳು. ಸೇತುವೆ, ಎಡಕ್ಕೆ, ಕೆರೆಗಳು ದಾಟಿ ಇಟ್ಟಿಗೆಯ ಚರ್ಚು. ಮೂರು ಕಿಲೋಮೀಟರ್.

"ಟ್ಯಾಕ್ಸಿ..." ಎಂದ ಮ್ಯಾಲಕಿ.

"ಕಾಯೋಕಾಗಲ್ಲ. ನಾನು ಮರಳಿ ಬರೋ ಹೊತ್ತಿಗೆ ಒಂದನ್ನ ಇಲ್ಲಿ ನಿಲ್ಲಿಸಿರು," ಎಂದು ಅವಳು ಓಡಿದಳು.

ದಿನಾ ಹತ್ತು ಕಿಲೋಮೀಟರ್ ಓಡುವವಳು. ಆದರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಮೈಯಲ್ಲಿ ನೀರಿರಲಿಲ್ಲ. ಎರಡನೆಯ ಕೆರೆಯ ಹತ್ತಿರ ಕಣ್ಣಂಚು ಕಪ್ಪಾಗತೊಡಗಿತು. ಬೇಡವೆಂದಾಗ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಾಕಿ ಉಳಿಸಿಕೊಂಡಿದ್ದನ್ನೆಲ್ಲ ಮೈ ಈಗ ಒಂದೇ ಸಲ ಚೆಲ್ಲುತ್ತಿತ್ತು.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಮೂವತ್ತು ಜನ ಬಾಯಿ ತೆರೆದು ಒಂದೇ ಸ್ವರ ಹಿಡಿದಿದ್ದರು. ಹಿಂದಿನ ಸಾಲಿನಲ್ಲಿ ಪ್ರೆಬೆನ್. ಅವಳನ್ನು ಕಂಡು ಮೊದಲು ಅವನ ಸ್ವರ ನಿಂತಿತು, ಆಮೇಲೆ ಉಳಿದವರದು. ಅವಳಿಗೆ ದನಿ ಹೊರಡಲಿಲ್ಲ. ಯಾರೋ ಒಂದು ಲೋಟ ನೀರು ಹಿಡಿದರು. ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಎಲ್ಲರೂ ನೋಡುತ್ತಿದ್ದ ಹಾಗೆ ಲೋಟಕ್ಕೇ ಉಗಿದಳು.

"ಚೀಲ," ಎಂದಳು.

"ನಾನು ಅರ್ಧ ಏಳು ಅಂತ ಹೇಳಿದ್ದೆ," ಎಂದ ಪ್ರೆಬೆನ್.

"ಗೊತ್ತು. ತಪ್ಪು ನಮ್ದೇ. ವಿಮಾನ ಒಂಬತ್ತು ಹತ್ತಕ್ಕೆ."

ಅವನು ಹಾಡಿನ ಹಾಳೆಯನ್ನು ಪಕ್ಕದವನ ಕೈಗೆ ಕೊಟ್ಟು ಬಂದ.

ಅವನದು ಮುಂದೆ ಮರದ ಪೆಟ್ಟಿಗೆ ಇದ್ದ ಸೈಕಲ್ಲು. ಅವಳು ಪೆಟ್ಟಿಗೆಯೊಳಗೆ ಮಂಡಿ ಮಡಿಸಿ ಕೂತಳು. ಅವನು ನಿಂತೇ ತುಳಿದ, ಕೆಂಪು ದೀಪ ಒಂದನ್ನೂ ಹಾರಿಸಲಿಲ್ಲ. ಪ್ರತಿ ದೀಪಕ್ಕೂ ಕಾಲೂರಿ ನಿಂತ. ರಸ್ತೆ ಖಾಲಿ ಇದ್ದರೂ ನಿಂತ.

"ಹೋಗಿ!" ಎಂದಳು ಮೂರನೆಯ ದೀಪಕ್ಕೆ.

"ಕೆಂಪು ಇದೆ."

"ಯಾರೂ ಇಲ್ಲ!"

"ಕೆಂಪು ಇದೆ," ಎಂದ ಅವನು ಮತ್ತೆ, ತಾಳ್ಮೆಯಿಂದ. "ನಿಮ್ಮೂರಲ್ಲಿ ಕೆಂಪಿಗೂ ಬೇರೆ ಅರ್ಥ ಇದೆಯಾ?"

ಎಂಟು ಹತ್ತಕ್ಕೆ ಅಂಗಡಿ. ಟ್ಯಾಕ್ಸಿ ನಿಂತಿತ್ತು. ಕಬ್ಬಿಣ ಮೇಲಕ್ಕೆ ಹೋಯಿತು, ಚೀಲ ಹೊರಗೆ ಬಂತು. ಮ್ಯಾಲಕಿ ಪ್ರೆಬೆನ್‌ನ ಕೈ ಹಿಡಿದು ಏನೋ ಹೇಳಲು ಹೋದ. ಡೆರ್ವ್ಲಾ ಅವನ ಕಾಲರ್ ಹಿಡಿದು ಕಾರಿನೊಳಗೆ ಎಳೆದಳು.

ನಿಲ್ದಾಣ ಮುಟ್ಟಿದಾಗ ಎಂಟೂವರೆ. ಚೀಲ ತೆಗೆದುಕೊಳ್ಳುವ ಕೌಂಟರಿನಲ್ಲಿ ದೀಪ ಆರಿತ್ತು. ಗೇಟು ಮುಚ್ಚುವುದು ಎಂಟು ಐವತ್ತಕ್ಕೆ.

"ಚೀಲ ಹೋಗಲ್ಲ," ಎಂದ ಮ್ಯಾಲಕಿ. ಅವನಿಗೆ ಏದುಸಿರು. "ನನ್ನ ಮಂಡಿಯೂ ಹೋಗಲ್ಲ. ನೀನು ಹೋಗು. ಗ್ರಾನ್ಯಾಳ ಕೋಚ್ ರಿಂಗಿನಲ್ಲಿ ನಿನ್ನ ಮೂಲೇಲಿ ನಿಲ್ತಾನೆ. ನಾನು ಬೆಳಿಗ್ಗೆ ಚೀಲ ತಗೊಂಡು ಬರ್ತೀನಿ. ಬೂಟು ತಗೋ. ಎಡದಲ್ಲಿ ಪುಸ್ತಕ. ಓಡು!"

ಲೇಸಿನಿಂದ ಒಂದಕ್ಕೊಂದು ಕಟ್ಟಿದ್ದ ಬೂಟುಗಳನ್ನು ಅವಳ ಕೊರಳಿಗೆ ಹಾಕಿದ. ಅವಳು ಓಡಿದಳು.

ತಪಾಸಣೆಯ ಸಾಲು ಚಿಕ್ಕದಿತ್ತು. ಎಂಟು ಮೂವತ್ತೇಳಕ್ಕೆ ಅವಳು ಚೌಕಟ್ಟು ದಾಟಿ ಆ ಕಡೆ ನಿಂತು ಕೈ ಚಾಚಿದ್ದಳು. ಬೂಟುಗಳಿದ್ದ ತಟ್ಟೆ ಯಂತ್ರದ ಒಳಗಿಂದ ಬಂತು, ಅವಳ ಕಡೆಗೆ ಬರದೆ, ಕೈಯಿಂದ ಬಿಚ್ಚಿ ನೋಡುವವರ ಪಕ್ಕದ ಪಟ್ಟಿಗೆ ತಿರುಗಿತು. ಅದರ ಮುಂದೆ ಇನ್ನೂ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಯಾರದೋ ಮಗುವಿನ ಗಾಡಿ, ಚಕ್ರ ಚಕ್ರ ಬಿಚ್ಚಿ ನೋಡುತ್ತಿದ್ದರು.

"ದಯವಿಟ್ಟು ನಂದು ಮೊದಲು ನೋಡಿ. ವಿಮಾನ..."

"ಎಲ್ಲರಿಗೂ ವಿಮಾನ ಇದೆ ಮೇಡಂ."

ಅವಳ ಸರದಿ ಬಂದಾಗ ಕೈಗವಸಿನ ಹುಡುಗಿ ಬಲ ಬೂಟಿನೊಳಗೆ ಕೈ ಹಾಕಿ ಡಬ್ಬಿ ಹೊರತೆಗೆದಳು. ತಿರುಗಿಸಿ ಅಳತೆ ಓದಿದಳು. "ಇದು ನೂರು ಮಿಲಿಗಿಂತ ಜಾಸ್ತಿ ಆಯ್ತು. ಬಿಟ್ಟು ಹೋಗ್ಬೇಕು."

"ಬಿಸಾಕಿ."

"ಒಂದು ಸ್ಫೋಟಕದ ಪರೀಕ್ಷೆ ಮಾಡ್ಬೇಕು."

ಒಂದು ಬಟ್ಟೆಯ ಚೂರಿನಿಂದ ಡಬ್ಬಿ ಒರೆಸಿದಳು, ಬೂಟು ಒರೆಸಿದಳು, ಪುಸ್ತಕ ಒರೆಸಿದಳು. ಯಂತ್ರಕ್ಕೆ ಕೊಟ್ಟಳು. ಯಂತ್ರ ಯೋಚಿಸಿತು. ಡೆರ್ವ್ಲಾ ಗಡಿಯಾರ ನೋಡುವುದನ್ನು ಬಿಟ್ಟಳು. ಕೊನೆಗೆ ಹಸಿರು ದೀಪ ಹೊತ್ತಿತು. ಅವಳು ಪುಸ್ತಕವನ್ನು ಹಲ್ಲಿನಲ್ಲಿ ಕಚ್ಚಿ, ಬೂಟುಗಳನ್ನು ಕೈಯಲ್ಲಿ ಹಿಡಿದು ಓಡಿದಳು. ಸುಗಂಧದ ಅಂಗಡಿಗಳು, ಮದ್ಯದ ಅಂಗಡಿಗಳು, ಉದ್ದನೆಯ ಮರದ ನೆಲ. ಗೇಟು ಕೊನೆಯದು.

ಗೇಟಿನಲ್ಲಿ ಒಬ್ಬ ಯುವಕ ಕಂಪ್ಯೂಟರ್ ಮುಚ್ಚುತ್ತಿದ್ದ. ಗಾಜಿನ ಆಚೆ ವಿಮಾನ ಅಲ್ಲೇ ನಿಂತಿತ್ತು. ಕಿಟಕಿಗಳಲ್ಲಿ ತಲೆಗಳು ಕಾಣುತ್ತಿದ್ದವು.

"ಮುಚ್ಚಿದೆ," ಎಂದ.

"ಇಲ್ಲೇ ಇದೆಯಲ್ಲ."

"ಎಂಟು ಐವತ್ತಕ್ಕೆ ಮುಚ್ಚಿದೆ. ಈಗ ಎಂಟು ಐವತ್ತಾರು."

ಅವಳು ಬೇಡಿಕೊಂಡಳು. ಆಮೇಲೆ ಬೈದಳು. ಅವನು ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಂಡ. ಬೆಳಗಿನ ಮೊದಲ ವಿಮಾನ ರೀಗಾ ಮುಟ್ಟುವುದು ಹತ್ತೂವರೆಗೆ. ತೂಕದ ಮೇಜು ಎಂಟಕ್ಕೆ ಎತ್ತುತ್ತಾರೆ. ಅದನ್ನು ಅವನಿಗೆ ವಿವರಿಸಿ ಪ್ರಯೋಜನವಿರಲಿಲ್ಲ. ವಿಮಾನ ಹಿಂದಕ್ಕೆ ಸರಿಯುವ ತನಕ ನಿಂತಿದ್ದು, ಬಂದ ದಾರಿಯಲ್ಲೇ ಹೊರಗೆ ಹೋದಳು.

ಮ್ಯಾಲಕಿ ಕೆಂಪು ಚೀಲದ ಮೇಲೆ ಕೂತಿದ್ದ. ಅವಳನ್ನು ಕಂಡು ಏಳಲಿಲ್ಲ.

"ಡಬ್ಬಿ," ಎಂದಳು ಅವಳು. "ಬಲ ಬೂಟಿನ ಡಬ್ಬಿ."

ಅವನು ಎಡ ಮಂಡಿ ಉಜ್ಜಿಕೊಂಡ. "ಎಷ್ಟು ಗಂಟೆಗೆ ಅಂತ ನಾನು ಇನ್ನೊಂದ್ಸಲ ಕೇಳ್ಬೇಕಿತ್ತು."

"ಹೌದು."

"ನೀನು ಆರು ಹತ್ತಕ್ಕೆ ಎದ್ದು ಬರ್ಬೇಕಿತ್ತು."

"ಹೌದು."

"ಸಂಘಕ್ಕೆ ಫೋನ್ ಮಾಡ್ಲಾ?"

"ಮಾಡು. ಗ್ರಾನ್ಯಾ ಮಲಗೋಕೆ ಮುಂಚೆ ಗೊತ್ತಾಗ್ಲಿ. ಅವಳಾದ್ರೂ ನೆಟ್ಟಗೆ ಹೋಗಿ ತೂಕ ಕೊಡ್ಲಿ."

ಅವನು ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳು ಪ್ಲಾಸ್ಟಿಕ್ ಚೀಲದಿಂದ ಯಂತ್ರ ತೆಗೆದು ನೆಲದ ಮೇಲಿಟ್ಟು ಹತ್ತಿದಳು. ಒಬ್ಬ ಸ್ವಚ್ಛತೆಯವನು ಗಾಡಿ ನಿಲ್ಲಿಸಿ ನೋಡಿದ. ಐವತ್ತಮೂರು ಕಿಲೋ ಆರುನೂರು ಗ್ರಾಂ. ಬಾಕ್ಸಿಂಗ್ ಶುರು ಮಾಡಿದ ಮೇಲೆ ಅವಳು ಅಷ್ಟು ಕೆಳಗೆ ಇಳಿದದ್ದು ಇದೇ ಮೊದಲು.

ಇಳಿದು, ಗೋಡೆಯ ನಲ್ಲಿಗೆ ಬಾಯಿ ಹಚ್ಚಿ, ಹೊಟ್ಟೆ ನೋಯುವ ತನಕ ಕುಡಿದಳು.

ಹೋದದ್ದು ಒಂದು ಕಿಲೋ ಮುನ್ನೂರು ಗ್ರಾಂ, ಒಂದು ಡಬ್ಬಿ ವ್ಯಾಸಲೀನ್, ಆರು ನಿಮಿಷ, ತಂಡದಲ್ಲಿ ಒಂದು ಜಾಗ.